ಬಾಣಲೆಗೆ ಬಿದ್ದ ಕುರಿಹಿಂಡು

ಮಕ್ಕಳನ್ನು ಆಡಿಸುವುದು ನನಗೆ ಬರುತ್ತದೆ ಎಂದು ನಾನು ಬಹಳ ವರ್ಷ ನಂಬಿಕೊಂಡಿದ್ದೆ. ರೊಟ್ಟಿ ತಟ್ಟುವುದು ಬರುತ್ತದೆ, ಉಣ್ಣೆಯ ನೂಲು ತೆಗೆಯುವುದು ಬರುತ್ತದೆ, ಹಾಗೇ ಇದೂ ಬರುತ್ತದೆ ಅಂತ. ಯಾರೂ ಪರೀಕ್ಷೆ ಮಾಡದಿದ್ದರೆ ಎಲ್ಲ ವಿದ್ಯೆಯೂ ನಮಗೆ ಬರುತ್ತಲೇ ಇರುತ್ತದೆ. ನನ್ನ ಪರೀಕ್ಷೆ ಹೋದ ಚಳಿಗಾಲದಲ್ಲಿ ನಡೆಯಿತು. ಪರೀಕ್ಷೆ ಮಾಡಿದವನಿಗೆ ನಾಲ್ಕು ವರ್ಷ. ಫೇಲಾದವಳಿಗೆ ನಲವತ್ತಾರು.

ನನ್ನ ತಂಗಿ ಸರೋಜಳಿಗೆ ಚಿತ್ರದುರ್ಗದಲ್ಲಿ ಒಂದು ಆಪರೇಷನ್ ಆಯಿತು. ಮೂರು ವಾರ ಭಾರ ಎತ್ತಬಾರದು, ಬಗ್ಗಬಾರದು ಎಂದರಂತೆ. ಗಂಡ ಬಸ್ ಕಂಡಕ್ಟರ್, ಇವತ್ತು ಒಂದೂರಲ್ಲಿದ್ದರೆ ನಾಳೆ ಇನ್ನೊಂದೂರು. ಹಾಗಾಗಿ ಅವಳ ಇಬ್ಬರು ಮಕ್ಕಳೂ ಯಲ್ಲದಕೆರೆಯ ನಮ್ಮ ಮನೆಗೆ ಬಂದರು. ದೊಡ್ಡವಳು ಸಿಂಚನ, ಎಂಟು ವರ್ಷ, ದೊಡ್ಡವರಿಗೆ ಬುದ್ಧಿ ಹೇಳುವಷ್ಟು ಬುದ್ಧಿವಂತೆ. ಚಿಕ್ಕವನು ಚೇತು. ಅವನಿಗೆ ಎರಡು ತೊಂದರೆ. ಒಂದು, ಚಳಿಗಾಳಿ ಬಡಿದರೆ ಕಿವಿ ಸೋರುತ್ತಿತ್ತು. ನಮ್ಮ ಕಡೆ ಈ ದಿನಗಳಲ್ಲಿ ಗಾಳಿ ಹೇಗೆ ಬೀಸುತ್ತದೆಂದರೆ, ಗುಡ್ಡದ ಮೇಲಿನ ಗಾಳಿ ಗಿರಣಿಗಳೇ ನಡುಗುತ್ತಾ ತಿರುಗುತ್ತಿವೆಯೇನೋ ಅನಿಸುತ್ತದೆ. ಆದ್ದರಿಂದ ಅವನನ್ನು ಹೊಸ್ತಿಲು ದಾಟಿಸುವಂತಿರಲಿಲ್ಲ. ಎರಡನೆಯದು, ಅವನಿಗೆ ಮಾತು ಇನ್ನೂ ಬಂದಿರಲಿಲ್ಲ. ನೀರು, ಬ್ಯಾಡ, ಅಮ್ಮ, ತಾ. ಹೀಗೆ ಒಂದೊಂದೇ ಪದ, ಜಿಪುಣ ಶೆಟ್ಟಿ ಬೆಲ್ಲ ಕೊಟ್ಟಂತೆ. ಹುಟ್ಟಿದಾಗಿನಿಂದ ಮೊಬೈಲು ನೋಡಿಕೊಂಡೇ ಉಂಡು ಬೆಳೆದವನು. ಮೊಬೈಲು ಪೂರ್ತಿ ಬಿಡಿಸಿ, ದಿನವಿಡೀ ಅವನ ಜೊತೆ ಮಾತಾಡಿ ಎಂದು ಡಾಕ್ಟರು ಹೇಳಿದ್ದರು. ಜೂನಿಗೆ ಶಾಲೆಗೆ ಸೇರಿಸಬೇಕು, ಎರಡು ಪದ ಕೂಡಿಸಿ ಹೇಳದ ಮಗು ಅಲ್ಲಿ ಏನು ಮಾಡೀತು ಎಂದು ಸರೋಜ ನಿದ್ದೆ ಬಿಟ್ಟಿದ್ದಳು.

ಮಕ್ಕಳನ್ನು ಕರೆತರಲು ನಾನೇ ಹೋಗಿದ್ದೆ. ನಮ್ಮನ್ನು ಬಸ್ಸಿಗೆ ಹತ್ತಿಸುವಾಗ ಅವಳು ನನ್ನ ಕೈ ಹಿಡಿದು, "ಅಕ್ಕಾ, ಅವನು ಹಟ ಮಾಡಿದ್ರೆ ಎರಡೇಟು ಹಾಕು ಬೇಕಾದ್ರೆ. ಮೊಬೈಲು ಮಾತ್ರ ಕೊಡಬ್ಯಾಡ" ಅಂದಳು.

ನಾನು ನಕ್ಕುಬಿಟ್ಟೆ. "ನಿನ್ನನ್ನ ಯಾವ ಮೊಬೈಲು ಕೊಟ್ಟು ಬೆಳೆಸಿದ್ನೇ ನಾನು?" ಅಂದೆ.

ಈ ಜಂಬಕ್ಕೆ ಒಂದು ಹಿನ್ನೆಲೆ ಇದೆ. ಸರೋಜ ಹುಟ್ಟಿದಾಗ ನನಗೆ ಹತ್ತು ವರ್ಷ. ಅವಳನ್ನು ಆಡಿಸಲೆಂದೇ ನನ್ನನ್ನು ಆರನೇ ಕ್ಲಾಸಿಗೆ ಶಾಲೆ ಬಿಡಿಸಿದರು. ನನ್ನ ಓದು ಅಷ್ಟೇ. ಅವಳನ್ನು ಬೆಳೆಸಿದ್ದು ನಾನೇ ಎಂದು ನೆಂಟರೆಲ್ಲ ಹೇಳುತ್ತಾರೆ, ನಾನೂ ತಲೆ ಆಡಿಸುತ್ತೇನೆ. ಹೇಗೆ ಬೆಳೆಸಿದೆ ಎಂದು ಯಾರೂ ಕೇಳಿಲ್ಲ. ಅವ್ವ ಕೂಲಿಗೆ ಹೋದ ಮೇಲೆ ಒಂದು ಹಳೇ ಸೀರೆಯ ತುದಿಯನ್ನು ಅವಳ ಕಾಲಿಗೂ ಇನ್ನೊಂದು ತುದಿಯನ್ನು ಕಂಬಕ್ಕೂ ಕಟ್ಟಿ, ನಾನು ಬೀದಿಯಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದೆ. ಅವ್ವ ಬರುವ ಹೊತ್ತಿಗೆ ಬಿಚ್ಚಿ ಸೊಂಟಕ್ಕೆ ಎತ್ತಿಕೊಂಡರೆ ಮುಗಿಯಿತು. ಮಾತು ಬರದ ಮಗುವನ್ನು ನೋಡಿಕೊಳ್ಳುವುದರಲ್ಲಿ ಅದೊಂದು ಅನುಕೂಲ. ಅದು ದೂರು ಹೇಳುವುದಿಲ್ಲ.

ಮಕ್ಕಳು ಬಂದ ಮೊದಲ ದಿನ ನನ್ನ ಬತ್ತಳಿಕೆ ತೆಗೆದೆ. ಒಗಟು ಹೇಳಿದೆ. ಉತ್ತರವನ್ನು ಸಿಂಚನ ನಾನು ಬಾಯಿ ಮುಚ್ಚುವ ಮೊದಲೇ ಹೇಳಿದಳು. ಕಥೆ ಹೇಳಿದೆ. ರಾಜ ಕಾಡಿಗೆ ಹೋದ ಮೇಲೆ ಏನಾಯಿತು ಎಂದು ನನಗೇ ಮರೆತುಹೋಗಿ, ಅವನನ್ನು ಅಲ್ಲೇ ಬಿಟ್ಟು ಅಡುಗೆಗೆ ಎದ್ದೆ. ದೀಪದ ಮುಂದೆ ಬೆರಳು ಹಿಡಿದು ಗೋಡೆಯ ಮೇಲೆ ಜಿಂಕೆ ಮಾಡಿದೆ. ನಾಯಿ ಚೆನ್ನಾಗೈತೆ ಅಂದಳು ಸಿಂಚನ. ಮೂರು ವಾರಕ್ಕೆಂದು ಕೂಡಿಟ್ಟಿದ್ದ ನನ್ನ ಸರಕೆಲ್ಲ ಒಂದೇ ದಿನದಲ್ಲಿ ಖಾಲಿ. ಎರಡನೇ ದಿನ ಚೇತು ಬಾಗಿಲ ಹತ್ತಿರ ನಿಂತು "ತಾ, ತಾ" ಎಂದು ನನ್ನ ಸೊಂಟದಲ್ಲಿದ್ದ ಮೊಬೈಲಿನ ಕಡೆ ಕೈ ಚಾಚಿದ. ನಾನು ಬೇರೇನೂ ತೋಚದೆ, ಮೂಲೆಯಲ್ಲಿದ್ದ ಹುಣಸೆ ಬೀಜದ ಬುಟ್ಟಿಯನ್ನು ತಂದು ಅವನ ಮುಂದೆ ಸುರಿದೆ.

ನಮ್ಮದು ಕಂಬಳಿ ನೇಯುವ ಮನೆ. ಕಂಬಳಿಯ ಹಾಸಿನ ನೂಲನ್ನು, ಅಂದರೆ ಉದ್ದಕ್ಕೆ ಓಡುವ ಎಳೆಗಳನ್ನು, ಮಗ್ಗಕ್ಕೆ ಏರಿಸುವ ಮೊದಲು ಗಂಜಿ ಹಚ್ಚಬೇಕು, ಇಲ್ಲದಿದ್ದರೆ ಎಳೆ ತಡೆಯುವುದಿಲ್ಲ. ಆ ಗಂಜಿ ಅಕ್ಕಿಯದಲ್ಲ, ಹುಣಸೆ ಬೀಜದ್ದು. ಬೀಜ ಹುರಿದು, ಸಿಪ್ಪೆ ಬಿಡಿಸಿ, ನೆನೆಸಿ, ರುಬ್ಬಿ, ಕುದಿಸಬೇಕು. ಒಂದು ಸಣ್ಣ ಬೀಜ ಒಂದು ಕಂಬಳಿಯನ್ನು ಹಿಡಿದು ನಿಲ್ಲಿಸುತ್ತದಲ್ಲ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಆದರೆ ಅದರಲ್ಲಿ ಇನ್ನೂ ಏನೇನಿದೆ ಎಂಬುದು ನನಗೆ ಗೊತ್ತಿರಲಿಲ್ಲ.

ಚೇತು ಬೀಜಗಳನ್ನು ಸ್ವಲ್ಪ ಹೊತ್ತು ನೋಡಿದ. ಒಂದನ್ನು ಮುಂದೆ ತಳ್ಳಿದ. ಅದರ ಹಿಂದೆ ಇನ್ನೊಂದು. ಆಮೇಲೆ ಹತ್ತು, ಇಪ್ಪತ್ತು, ಒಂದರ ಬಾಲಕ್ಕೊಂದು. ನೆಲದ ಚಪ್ಪಡಿಯ ಸಂದಿಯಲ್ಲಿ ಸಾಲು ಹೊರಟಿತು. ಆ ಬೆಳಿಗ್ಗೆ ನಮ್ಮ ಕಿಟಕಿಯ ಮುಂದೆ ಕುರಿಹಿಂಡು ಹೋಗುವುದನ್ನು ಅವನು ಕಂಬಿ ಹಿಡಿದು ನೋಡಿದ್ದ. ಅದೇ ಹಿಂಡು ಈಗ ನಮ್ಮ ಪಡಸಾಲೆಗೆ ಬಂದಿತ್ತು. ನನ್ನ ತಟ್ಟೆ ಕೆರೆಯಾಯಿತು. ಪೊರಕೆ ಕಡ್ಡಿ ಬೇಲಿಯಾಯಿತು. ಸಿಪ್ಪೆ ಹೋಗಿ ಬೆಳ್ಳಗಿದ್ದ ನಾಲ್ಕು ಬೀಜಗಳು ಮರಿಗಳು. ಅವುಗಳನ್ನು ಮಾತ್ರ ಅಂಗೈಯಲ್ಲಿ ಎತ್ತಿಕೊಂಡು ಹೋಗಿ ನೀರು ಕುಡಿಸುತ್ತಿದ್ದ. ಮಾತಿಲ್ಲ, ಬರೀ "ಹ್ಞೈ, ಹ್ಞೈ, ಟುರ್ರ್" ಎಂಬ ಸದ್ದು. ಕಾಯುವವರು ಅಟ್ಟುವ ಸದ್ದೇ ಅದು.

ಎರಡು ದಿನ ನಾನು ರಾಟೆ ನಿಲ್ಲಿಸಿ ನೋಡುತ್ತಾ ಕುಳಿತಿದ್ದೆ. ಸುಳ್ಳಲ್ಲ, ನನಗೆ ಒಂಥರಾ ಭಯಭಕ್ತಿ ಬಂತು. ಆ ಬೀಜಗಳನ್ನು ನಾನು ಚಿಕ್ಕಂದಿನಿಂದ ಹುರಿಯುತ್ತಾ ಬಂದಿದ್ದೇನೆ. ಅವುಗಳಿಗೆ ಬಾಯಾರಿಕೆ ಆಗುತ್ತದೆ ಎಂದು ಒಂದು ದಿನವೂ ನನಗೆ ಹೊಳೆದಿರಲಿಲ್ಲ. ಮಗುವಿನ ತಲೆಯಲ್ಲಿ ಏನೂ ಇಲ್ಲ, ಅದಕ್ಕೇ ಬಾಯಲ್ಲಿ ಏನೂ ಬರುತ್ತಿಲ್ಲ ಎಂದುಕೊಂಡಿದ್ದೆ. ಒಳಗೆ ಒಂದು ಊರೇ ಇತ್ತು.

ಇಷ್ಟಕ್ಕೆ ನಿಂತಿದ್ದರೆ ಈ ಬರಹ ನನ್ನ ಹೊಗಳಿಕೆಯಾಗುತ್ತಿತ್ತು. ಈ ಆಟದ ಮೂರನೇ ದಿನ ಮಧ್ಯಾಹ್ನ ಊಟವಾದ ಮೇಲೆ ಮಕ್ಕಳು ಮಲಗಿದ್ದರು. ನಮ್ಮ ಯಜಮಾನರು ಬಂದು, "ಏನೇ, ಗಂಜಿಗೆ ಬೀಜ ಹುರಿದ್ಯಾ? ನಾಡಿದ್ದು ಹಾಸು ಮಗ್ಗಕ್ಕೆ ಏರಿಸ್ಬೇಕು" ಅಂದರು. ಅಯ್ಯೋ, ಮರೆತೇಬಿಟ್ಟೆ ಎಂದು ಎದ್ದೆ. ಕೈಗೆ ಅಭ್ಯಾಸವಾದ ಕೆಲಸ ತಲೆಯನ್ನು ಕೇಳುವುದಿಲ್ಲ. ಪಡಸಾಲೆಯಲ್ಲಿ ಹರಡಿದ್ದ ಬೀಜಗಳನ್ನೆಲ್ಲ ಪೊರಕೆಯಿಂದ ಗುಡಿಸಿ, ಮೊರದಲ್ಲಿ ಕೇರಿ, ಬಾಣಲೆಗೆ ಹಾಕಿ ಒಲೆ ಉರಿ ಮಾಡಿದೆ. ಚಟಪಟ ಸಿಡಿದವು. ಘಮ್ಮೆಂದು ಕಂಪು ಮನೆ ತುಂಬಿತು.

ಆ ಕಂಪಿಗೆ ಚೇತು ಎದ್ದು ಬಂದ. ಪಡಸಾಲೆ ನೋಡಿದ. ಒಲೆಯ ಹತ್ತಿರ ಬಂದು ಬಾಣಲೆಯೊಳಗೆ ಇಣುಕಿದ. ಅಲ್ಲಿ ಅವನ ಹಿಂಡು ಕಪ್ಪಗೆ ಬಿರಿದು ಬಿದ್ದಿತ್ತು. ಅವನು ನನ್ನ ಮುಖ ನೋಡಿ, ಆಮೇಲೆ ಹಿಂದೆ ಬಂದ ಅಕ್ಕನ ಕಡೆ ತಿರುಗಿ ಹೇಳಿದ: "ದೊಡ್ಡಮ್ಮ ಕುರಿ ಸುಟ್ಲು."

ಮೂರು ಪದ! ತಂಗಿ ನಿದ್ದೆಗೆಟ್ಟು ಕಾಯುತ್ತಿದ್ದ ಮಾತು, ಹುಡುಗನ ಬಾಯಿಂದ ಹೊರಬಿದ್ದ ಮೊದಲನೇ ಪೂರ್ತಿ ಮಾತು. ಅದೂ ನನ್ನ ಮೇಲಿನ ದೂರು. ನಾನು ಕುಣಿಯಬೇಕಿತ್ತು. ಕಾಲಿಗೆ ಬಿದ್ದು ಕ್ಷಮೆ ಕೇಳಬೇಕಿತ್ತು. ಹೌದಪ್ಪ, ಸುಟ್ಟೆ, ಇನ್ನೊಂದು ಸಲ ಹೇಳು ಎಂದು ಅವನ ಬಾಯಿಂದ ಇನ್ನೂ ನಾಲ್ಕು ಮಾತು ಎಳೆಯಬೇಕಿತ್ತು. ಆದರೆ ಅವನು ಹೇಳಿದ್ದೇ ತಡ, ನೆಲಕ್ಕೆ ಬಿದ್ದು ಅಳಲು ಶುರು ಮಾಡಿದ. ಎಂಥ ಅಳು ಅಂತೀರಿ. ಪಕ್ಕದ ಮನೆಯವರು ಗೋಡೆಯ ಮೇಲಿಂದ "ಯಾಕ್ರಮ್ಮ, ಹುಡುಗಂಗೆ ಏನಾಯ್ತು?" ಅಂದರು. ನನಗೆ ನಾಚಿಕೆ, ಗಾಬರಿ, ತಪ್ಪು ಮಾಡಿದ ಸಿಟ್ಟು, ಎಲ್ಲ ಒಟ್ಟಿಗೆ ಬಂತು. ಸೊಂಟದಿಂದ ಮೊಬೈಲು ತೆಗೆದು ಅವನ ಕೈಗೆ ಕೊಟ್ಟೆ.

ಅಳು ನಿಂತಿತು. ಮಾತೂ ನಿಂತಿತು.

"ಅಮ್ಮ ಕೊಡಬ್ಯಾಡ ಅಂದಿದ್ಲು" ಅಂದಳು ಸಿಂಚನ.

"ಸ್ವಲ್ಪ ಹೊತ್ತು ಕಣೇ, ಸುಮ್ನಿರು."

ಸ್ವಲ್ಪ ಹೊತ್ತು ಎಂಬುದು ಎರಡು ದಿನ ನಡೆಯಿತು. ಕೊಡದೆ ಹೋದರೆ ಅವನು ಮತ್ತೆ ಬಾಣಲೆಯ ಕಡೆ ನೋಡುತ್ತಿದ್ದ, ಅದನ್ನು ತಡೆದುಕೊಳ್ಳುವ ಧೈರ್ಯ ನನಗಿರಲಿಲ್ಲ. ಎರಡನೇ ರಾತ್ರಿ ಊಟಕ್ಕೆ ಮುಂಚೆ ಸರೋಜ ಫೋನ್ ಮಾಡಿದಳು. "ಹೆಂಗಿದಾನೆ ಅಕ್ಕ? ಮೊಬೈಲು ಕೇಳ್ತಾನಾ?" "ಅದರ ನೆನಪೇ ಇಲ್ಲ ಬಿಡು" ಅಂದೆ, ಅವನು ನೋಡುತ್ತಿದ್ದ ಮೊಬೈಲನ್ನೇ ಅವನ ಕೈಯಿಂದ ಕಿತ್ತು ಕಿವಿಗೆ ಇಟ್ಟುಕೊಂಡು. ಅದು ಅವನ ಕೈಯ ಬಿಸಿಗೆ ಇನ್ನೂ ಬೆಚ್ಚಗಿತ್ತು. ಆಗ ನನಗೆ ಆ ಹಳೇ ಸೀರೆ ನೆನಪಾಯಿತು. ಹಿಂದೆ ತಂಗಿಯ ಕಾಲಿಗೆ ಕಟ್ಟಿದ್ದೆ. ಈಗ ತಂಗಿಯ ಮಗನ ಕಣ್ಣಿಗೆ ಕಟ್ಟಿದ್ದೆ. ಆಗ ಹತ್ತು ವರ್ಷದವಳು ಎಂಬ ನೆಪವಾದರೂ ಇತ್ತು.

ಆ ಬೀಜಗಳ ಗಂಜಿ ಹಚ್ಚಿ ಒಣಗಿಸಿದ ಹಾಸು ಮರುದಿನ ಮನೆಯೊಳಗೆ ಬಂತು. ಯಜಮಾನರು ಅದನ್ನು ಮಗ್ಗಕ್ಕೆ ಬಿಗಿದು ಕಟ್ಟಿದರು. ಕರಿ ಎಳೆಗಳು ಕೋಣೆಯ ಉದ್ದಕ್ಕೂ ನೆಲದಿಂದ ಒಂದು ಮೊಳ ಮೇಲೆ ಚಾಚಿಕೊಂಡವು. ಚೇತು ಮೂಲೆಯಲ್ಲಿ ಮೊಬೈಲು ಹಿಡಿದು ಕುಳಿತಿದ್ದ. ಇದ್ದಕ್ಕಿದ್ದಂತೆ ತಲೆ ಎತ್ತಿದ. ಮೂಗು ಅರಳಿಸಿದ. ಮೊಬೈಲನ್ನು ನೆಲದ ಮೇಲಿಟ್ಟು ಎದ್ದ. ಅದು ಹಾಡುತ್ತಲೇ ಇತ್ತು, ಅವನು ತಿರುಗಿ ನೋಡಲಿಲ್ಲ. ಮಗ್ಗದ ಹತ್ತಿರ ಹೋಗಿ ಎಳೆಗಳಿಗೆ ಮೂಗು ತಾಗಿಸಿದ. ಇನ್ನೊಂದು ಕಡೆ ಹೋಗಿ ಅಲ್ಲೂ ಮೂಸಿದ. ಆಮೇಲೆ ದೊಡ್ಡಪ್ಪನನ್ನು ಕೇಳಿದ: "ಕುರಿ ಇಲ್ಲಿ ಅವೆ?"

ನಮ್ಮ ಯಜಮಾನರು ಹೆಚ್ಚು ಮಾತಿನವರಲ್ಲ. ಆದರೆ ಕುರಿಯ ವಿಷಯದಲ್ಲಿ ಅವರು ತಮಾಷೆ ಮಾಡುವುದಿಲ್ಲ. "ಇಲ್ಲೇ ಅವೆ ಕಣಪ್ಪ. ಎಲ್ಲಿ ಹೋಗ್ತವೆ? ಅಲ್ಲಿ ಮೇಯ್ತಾ ಅವೆ ನೋಡು" ಅಂದರು, ಗಂಭೀರವಾಗಿ.

"ಮರಿ?"

"ಮರಿನೂ ಅವೆ. ನಡುವೆ ಅವೆ. ಚಳಿ ಅಲ್ವಾ?"

ಹುಡುಗ ಹಾಸಿನ ಕೆಳಗೆ ನುಸುಳಿದ. ಅಂಗಾತ ಮಲಗಿ, ಮೇಲಿನ ಎಳೆಗಳನ್ನು ಬೆರಳಲ್ಲಿ ಒಂದೊಂದಾಗಿ ಮುಟ್ಟುತ್ತಾ, ಮಾತಾಡತೊಡಗಿದ. ಕುರಿ ನೀರು ಕುಡಿತು. ಮರಿ ಓಡ್ತು. ದೊಡ್ಡಮ್ಮ ಬ್ಯಾಡ, ಒಲೆ ಬ್ಯಾಡ. ಮರಿ ಬಾ. ಸಿಂಚನಳೂ ಒಳಗೆ ತೂರಿದಳು. ಅವಳಿಗೆ ಟಗರಿನ ಕೆಲಸ ಸಿಕ್ಕಿತು. ನಾನು ಬಾಗಿಲಲ್ಲಿ ನಿಂತಿದ್ದೆ. ನನ್ನ ಮದುವೆಯಾದಾಗಿನಿಂದ ಆ ಮಗ್ಗ ಅಲ್ಲಿದೆ. ಅದರ ಕೆಳಗೆ ಒಂದು ಹುಲ್ಲುಗಾವಲು ಇದೆ ಎಂದು, ಸುಟ್ಟು ಅರೆದು ಕುದಿಸಿದ ಮೇಲೂ ಬದುಕಿರುವ ಹಿಂಡೊಂದು ಅಲ್ಲಿ ಮೇಯುತ್ತದೆ ಎಂದು, ಅದನ್ನು ಮೂಗಿನಿಂದಲೇ ಪತ್ತೆ ಮಾಡಬಹುದೆಂದು ನನಗೆ ಯಾರು ಹೇಳಬೇಕಿತ್ತು? ಮಕ್ಕಳನ್ನು ಆಡಿಸುವುದು ಎನ್ನುತ್ತೇವೆ. ಆಡಿಸಲು ನಾವು ಯಾರು? ಅವರು ಆಡುತ್ತಿರುತ್ತಾರೆ. ನಾವು ಮಧ್ಯೆ ಪೊರಕೆ ಹಿಡಿದು ಬರದಿದ್ದರೆ ಸಾಕು.

ಆ ದಿನ ನಾನೇ ಸರೋಜಳಿಗೆ ಫೋನ್ ಮಾಡಿದೆ. ಬೀಜದ್ದು, ಬಾಣಲೆಯದ್ದು, ಮಗ್ಗದ್ದು ಎಲ್ಲ ಹೇಳಿದೆ. ಮಧ್ಯದಲ್ಲಿ ಒಂದೇ ಉಸಿರಿಗೆ, "ಎರಡು ದಿನ ಅವನ ಕೈಗೆ ಮೊಬೈಲೂ ಕೊಟ್ಟಿದ್ದೆ" ಎಂದೂ ಸೇರಿಸಿದೆ.

"ಅಕ್ಕಾ, ಅವನು ಏನಂದ? 'ಕುರಿ ಇಲ್ಲಿ ಅವೆ' ಅಂದನಾ? ಹಂಗೇ ಅಂದನಾ? ಇನ್ನೊಂದು ಸಲ ಹೇಳು" ಅಂದಳು. ಅಳುತ್ತಿದ್ದಳು.

ಅವಳಿಗೆ ನನ್ನ ತಪ್ಪು ಕೇಳಿಸಿರಲೇ ಇಲ್ಲ! ನಾನು ಹೇಳಿದ್ದಾಗಿತ್ತು, ಅವಳು ಕೇಳಿಸಿಕೊಳ್ಳದಿದ್ದರೆ ಅದು ನನ್ನ ತಪ್ಪೇ? ದೇವರೇ ಬಾಗಿಲು ತೆರೆದು ಓಡು ಎನ್ನುತ್ತಿದ್ದ ಹಾಗಿತ್ತು. ಒಂದು ಸಲ ತಪ್ಪೊಪ್ಪಿಕೊಳ್ಳುವುದು ಕಷ್ಟವಲ್ಲ, ಬಾಯಿ ಜಾರಿದರೂ ಆಗುತ್ತದೆ. ಕಷ್ಟ ಇರುವುದು ಎರಡನೇ ಸಲದಲ್ಲಿ.

"ಸರೋಜಿ, ಸರಿಯಾಗಿ ಕೇಳಿಸ್ಕೋ. ಎರಡು ದಿನ ಮೊಬೈಲು ಕೊಟ್ಟಿದ್ದೆ. ನೀನು ಕೇಳಿದಾಗ ಸುಳ್ಳು ಹೇಳ್ದೆ."

ಆ ಕಡೆ ಅಳು ನಿಂತಿತು.

"ಭಾನುವಾರ ಇವರಿಗೆ ರಜೆ ಐತೆ. ಕಳಿಸಿ ಮಕ್ಕಳನ್ನ ಕರೆಸ್ಕೊಂತೀನಿ" ಅಂದಳು.

"ಆಗ್ಲಿ" ಅಂದೆ. ಭಾನುವಾರಕ್ಕೆ ಇನ್ನು ಎರಡೇ ದಿನ.

ಆಮೇಲೆ, "ಇನ್ನು ಮೇಲೆ ಕೊಡ್ತೀಯಾ?" ಅಂದಳು.

"ಇಲ್ಲ."

"ಬಸ್ ಹತ್ತುವಾಗಲೂ ಇಲ್ಲ ಅಂದಿದ್ದೆ."

"ಆಗ ಅದೆಷ್ಟು ಕಷ್ಟ ಅಂತ ಗೊತ್ತಿರ್ಲಿಲ್ಲ ಕಣೇ. ಈಗ ಗೊತ್ತೈತೆ."

ಅವಳು ಉಸಿರು ಬಿಟ್ಟಿದ್ದು ಕೇಳಿಸಿತು. "ಹಂಗಾದ್ರೆ ಇರ್ಲಿ ಬಿಡು, ಭಾನುವಾರ ಬ್ಯಾಡ" ಅಂದಳು. ನಕ್ಕಳೋ ಬೈದಳೋ ತಿಳಿಯಲಿಲ್ಲ. ಅದಕ್ಕೆ ಕ್ಷಮೆ ಎನ್ನುತ್ತಾರೋ, ಬೇರೆ ದಿಕ್ಕಿಲ್ಲದೆ ಒಪ್ಪುವುದು ಎನ್ನುತ್ತಾರೋ, ಆರನೇ ಕ್ಲಾಸಿನವರೆಗೆ ಅದನ್ನು ಕಲಿಸಿರಲಿಲ್ಲ.

ಫೋನಿಟ್ಟು ತಿರುಗಿದೆ. ಚೇತು ನನ್ನ ಸೆರಗು ಹಿಡಿದು ಮಗ್ಗದ ಕೆಳಗೆ ಕರೆಯುತ್ತಿದ್ದ. "ದೊಡ್ಡಮ್ಮ ಬಾ. ದೊಡ್ಡಮ್ಮ ಕುರಿ." ಮಂಡಿ ನೋವು ಎಂದು ಹೇಳಲು ಬಾಯಿ ತೆರೆದೆ, ಆದರೆ ಹೊರಗೆ ಬಂದಿದ್ದು ಕುರಿಯಂತೆ "ಬ್ಯಾ" ಎಂಬುದೊಂದೇ. ಅಷ್ಟು ಜಾಗದಲ್ಲಿ ನನ್ನಂಥ ದಪ್ಪ ಹೆಂಗಸು ಹಿಡಿಸುವುದಿಲ್ಲ ಎಂದುಕೊಂಡಿದ್ದೆ. ತಲೆಯನ್ನು ಪೂರಾ ತಗ್ಗಿಸಿದರೆ ಹಿಡಿಸುತ್ತದೆ.