ಗೋಡೆ ಬಿದ್ದ ಮೇಲಿನ ಧೂಳು

ಭೋಸರಿಯ ಕಾರ್ಮಿಕರ ವಸತಿಯಲ್ಲಿ ಪ್ರತಿ ಭಾನುವಾರ ನಾನು ಆರೋಗ್ಯದ ಬಗ್ಗೆ ಮಾತನಾಡುತ್ತೇನೆ. ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರೇ ಅಲ್ಲಿ ಹೆಚ್ಚು. ಕಾಲೇಜಿನ ಚರ್ಚಾಸ್ಪರ್ಧೆಗಳು ನನಗೊಂದು ಚಟ ಅಂಟಿಸಿದ್ದವು: ಮಾತು ಚಪ್ಪಾಳೆಯಲ್ಲೇ ಮುಗಿಯಬೇಕು. ಒಂದು ಮಳೆಗಾಲ ಇಲಿಜ್ವರದ ಬಗ್ಗೆ ಹೇಳುತ್ತ, ಮಾತ್ರೆ ಒಳಗೆ ಹೋದರೆ ರೋಗಾಣು ಸಾಯುತ್ತದೆ, ಸತ್ತದ್ದು ಯಾರನ್ನೂ ಕಾಡದು ಎಂದು ಮುಗಿಸಿದೆ. ಚಪ್ಪಾಳೆ ಬಿತ್ತು.

ಮರುವಾರವೇ, ಮುಂದಿನ ಸಾಲಿನಲ್ಲಿ ಕೂರುತ್ತಿದ್ದ ಹೆಂಗಸೊಬ್ಬಳ ಗಂಡನಿಗೆ ಅದೇ ಜ್ವರ ಬಂತು. ಪಾಯದ ಗುಂಡಿಯ ನೀರಿನಲ್ಲಿ ನಿಂತು ದುಡಿದಿದ್ದ. ವೈದ್ಯರು ಬೆಳಿಗ್ಗೆ ಮೊದಲ ಮಾತ್ರೆ ನುಂಗಿಸಿ ಕಳುಹಿಸಿದರು. ಮಧ್ಯಾಹ್ನಕ್ಕೆ ಮೈ ಇನ್ನಷ್ಟು ಸುಟ್ಟು, ಹಲ್ಲು ಕಟಕಟಿಸುವ ನಡುಕ ಹತ್ತಿತು. ಔಷಧ ಒಗ್ಗಲಿಲ್ಲವೆಂದು ಆಕೆ ಉಳಿದ ಮಾತ್ರೆಗಳನ್ನು ಸೆರಗಿಗೆ ಗಂಟು ಹಾಕಿಕೊಂಡಳು. ಒಬ್ಬರಿಗೆ ಒಗ್ಗದ್ದನ್ನು ಒಗ್ಗುವ ಇನ್ನೊಬ್ಬರಿಗೆ ಕೊಡುವುದು ಅಲ್ಲಿನ ರೂಢಿ. ಸುದ್ದಿ ಕೇಳಿ ನಾನು ತಲುಪಿದಾಗ ಆಕೆ ಚೀಲ ಕಟ್ಟುತ್ತಿದ್ದಳು. ಸ್ವಾರಗೇಟ ನಿಲ್ದಾಣದಿಂದ ಸಂಜೆಯ ಬಸ್ಸಿಗೆ ಊರಿಗೆ ಹೊರಡುವುದೆಂದು ನಿಶ್ಚಯವಾಗಿತ್ತು. ಆ ಸ್ಥಿತಿಯಲ್ಲಿ, ಔಷಧವಿಲ್ಲದೆ, ಅಷ್ಟು ದೂರದ ಪ್ರಯಾಣ ಆತನ ಜೀವಕ್ಕೇ ಎರವಾಗಬಹುದಿತ್ತು.

ಹೋಗಬಾರದೆಂಬುದಕ್ಕೆ ನಾನು ಅಭ್ಯಾಸದಂತೆ ಮೂರು ಕಾರಣಗಳನ್ನು ಸಾಲಾಗಿ ಕೊಟ್ಟೆ. ಆಕೆ ಹಗ್ಗ ಬಿಗಿಯುತ್ತಲೇ ಕೇಳಿಸಿಕೊಂಡಳು.

"ಸತ್ತದ್ದು ಕಾಡಂಗಿಲ್ಲ ಅಂದಿದ್ರಿ ಸರ. ಮತ್ತ ಇವರಿಗ್ಯಾಕ ಹಿಂಗ?"

ಉತ್ತರ ನನಗೆ ಗೊತ್ತಿತ್ತು; ಹೇಳಲು ನಾಚಿಕೆಯಾಯಿತು. ಅಂದು ಅರ್ಧವನ್ನಷ್ಟೇ ಹೇಳಿದ್ದೆ, ತಪ್ಪು ನನ್ನದು ಎಂದು ಒಪ್ಪಿಕೊಂಡು ಆತನ ಹಾಸಿಗೆಯ ಪಕ್ಕ ನೆಲದ ಮೇಲೆ ಕೂತೆ. ರೋಗಾಣುವಿಗೊಂದು ಹೊದಿಕೆ ಇರುತ್ತದೆ. ರೋಗಾಣು ಸಾಯುವಾಗ ಆ ಹೊದಿಕೆ ಚೂರುಚೂರಾಗಿ ರಕ್ತದಲ್ಲಿ ಹರಡುತ್ತದೆ. ಮೈಯ ಕಾವಲಿನ ಜೀವಕೋಶಗಳು ಶತ್ರುವನ್ನು ಗುರುತಿಸುವುದು ಆ ಚೂರುಗಳಿಂದಲೇ. ಶತ್ರುವಿಗೆ ಜೀವವಿದೆಯೋ ಇಲ್ಲವೋ ಎಂದು ಅವು ವಿಚಾರಿಸುವುದಿಲ್ಲ. ಕೂಗೆಬ್ಬಿಸುತ್ತವೆ, ಕೆಲವು ತಾವೇ ಒಡೆದು ಸತ್ತು ಉಳಿದವನ್ನು ಎಚ್ಚರಿಸುತ್ತವೆ. ಈ ನಡುಕ ಆ ಗದ್ದಲದ್ದೇ ಇರಬೇಕು. ಗದ್ದಲ ಮಿತಿಮೀರಿದರೆ ಅಪಾಯ, ಆದ್ದರಿಂದ ವೈದ್ಯರ ಕಣ್ಣೆದುರೇ ಇರಬೇಕು ಎಂದೆ.

ಆಕೆ ಹಳೆಯ ಮನೆಗಳನ್ನು ಕೆಡಹುವ ಕೆಲಸದವಳು. ಗಂಡನ ಹಣೆ ಒರೆಸಿದಳು.

"ಗ್ವಾಡಿ ಬಿದ್ದ ಮ್ಯಾಲನ ಧೂಳ ಏಳೂದು ನೋಡ್ರಿ. ಗ್ವಾಡಿ ನಿಂತಾಗ ಯಾರೂ ಕೆಮ್ಮಂಗಿಲ್ಲ."

ಚೀಲ ಅಲ್ಲೇ ಉಳಿಯಿತು. ರಿಕ್ಷಾ ಆಸ್ಪತ್ರೆಗೆ ಹೋಯಿತು. ಆತನ ತಲೆ ಆಕೆಯ ತೊಡೆಯ ಮೇಲಿತ್ತು. ದಾರಿಯುದ್ದಕ್ಕೂ ಆಕೆಯ ಒಂದು ಕೈ ಸೆರಗಿನ ಗಂಟನ್ನು ಹಿಡಿದೇ ಇತ್ತು. ವೈದ್ಯರು ಪರೀಕ್ಷಿಸಿ, ಕೆಲವರಿಗೆ ಹೀಗಾಗುವುದುಂಟು, ಮಾತ್ರೆ ಬಿಡಬೇಡಿ ಎಂದ ಮೇಲೆ ಹಲ್ಲಿನಿಂದ ಆ ಗಂಟನ್ನು ಬಿಚ್ಚಿದಳು. ಆತನನ್ನು ಆಸ್ಪತ್ರೆಯಲ್ಲೇ ಇರಿಸಿಕೊಂಡರು. ಮೂರನೆಯ ದಿನ ಆತ ರೊಟ್ಟಿ ಕೇಳಿದ.

ಈಗಲೂ ಮಳೆಗಾಲದಲ್ಲಿ ಇಲಿಜ್ವರದ ಮಾತು ಮುಗಿಸಿ ಚಪ್ಪಾಳೆಗೆ ಕಾಯುತ್ತಿದ್ದರೆ ಮುಂದಿನ ಸಾಲಿನಿಂದ ದನಿಯೊಂದು ಬರುತ್ತದೆ: "ಸರ, ಧೂಳಿನ ಮಾತ ಬಿಟ್ರಿ."

ನಾನು ಮತ್ತೆ ಆರಂಭಿಸುತ್ತೇನೆ.