ಸೆರಗಿನ ಗಂಟಿನಲ್ಲಿ ಬಂದ ನಾಣ್ಯ

ಡಬ್ಲಿನ್ ನಿಲ್ದಾಣದಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗುವ ಬಾರ್ಟ್ ರೈಲು ಹೊರಟಾಗ ಬಿಸಿಲು ಚುರುಗುಟ್ಟುತ್ತಿತ್ತು. ಟಿಕೆಟ್ಟು ಒಬ್ಬರಿಗೆ ನಾಲ್ಕು ಡಾಲರಿನ ಆಸುಪಾಸು, ದಾರಿ ಗಂಟೆಯಷ್ಟು. ಮಂಡ್ಯದಿಂದ ಬಂದು ನಮ್ಮಲ್ಲಿದ್ದ ಚಿಕ್ಕಮ್ಮ ಸೀರೆಯ ಮೇಲೆ ನಮ್ಮ ಯಜಮಾನರ ಸ್ವೆಟರು ತೊಟ್ಟು ಕಿಟಕಿಯ ಪಕ್ಕ ಕುಳಿತಿದ್ದರು. ಅವರ ಸೆರಗಿನ ಗಂಟಿನಲ್ಲಿ ಒಂದು ತಾಮ್ರದ ನಾಣ್ಯವಿತ್ತು.

ಯಾರದೋ ಮನೆಯ ಹಳೆ ಸಾಮಾನಿನ ಗರಾಜ್ ಸೇಲಿನಲ್ಲಿ ನಾನು ಕೊಂಡ ಹಿತ್ತಾಳೆ ಚೊಂಬನ್ನು ಚಿಕ್ಕಮ್ಮ ಹುಣಸೆಹಣ್ಣು ಹಾಕಿ ತಿಕ್ಕುವಾಗ, ತಳದ ಜಿಡ್ಡಿನಿಂದ ಈ ನಾಣ್ಯ ಉದುರಿತ್ತು. ಸವೆದ ಗೆರೆಗಳಲ್ಲಿ ನನಗೇನೂ ಕಾಣಲಿಲ್ಲ. ಅವರು ಆಗಲೇ ಕುಂಕುಮ ಹಚ್ಚಿಬಿಟ್ಟಿದ್ದರು.

"ಲಕ್ಷ್ಮಿ ಕಣವ್ವ. ಶುಕ್ರವಾರ ಅಬ್ಬಕ್ಕೆ ಕಳಸದೊಳಕ್ಕೆ ಆಕಾನ."

"ಕದ್ದ ಮಾಲಾಗಿದ್ರೆ? ಯಾವ್ದೋ ಆಟದ ಬಿಲ್ಲೆ ಆಗಿದ್ರೆ? ಏನೂಂತ ಗೊತ್ತಾಗೋವರ್ಗೂ ಕಳಶಕ್ಕೆ ಬೇಡ."

ಚೊಂಬು ಮಾರಿದಾಕೆಗೆ ಫೋನು ಮಾಡಿದೆ. ಅವಳಪ್ಪ ಹರೆಯದಲ್ಲಿ ಇಂಡಿಯಾ ಸುತ್ತಿದ್ದನಂತೆ, ನಾಣ್ಯ ನಾವೇ ಇಟ್ಟುಕೊಳ್ಳಬೇಕಂತೆ. ಅಷ್ಟು ಸುಲಭವಾಗಿ ಬಿಟ್ಟುಕೊಟ್ಟಳಲ್ಲ ಎಂದು ನನ್ನ ಅನುಮಾನ ಹೆಚ್ಚಾಯಿತು. ಚಿಕ್ಕಮ್ಮ ಮುಖ ಊದಿಸಿಕೊಂಡರು. ಅದಕ್ಕೇ ಈ ಪ್ರಯಾಣ.

ರೈಲಿನ ತುಂಬ ಆಗ ತಾನೇ ಹುಟ್ಟಿದ್ದ ಡಾಟ್ ಕಾಮ್ ಕಂಪನಿಗಳ ಜಾಹೀರಾತುಗಳು. ನಾಯಿಯ ತಿಂಡಿಯನ್ನೂ ಕಂಪ್ಯೂಟರಿನಲ್ಲೇ ಮಾರುತ್ತಾರಂತೆ. ನಾನು ಅದನ್ನೂ ನಂಬಲಿಲ್ಲ.

ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇಳಿದರೆ ಆಗಸ್ಟ್ ತಿಂಗಳಲ್ಲೂ ಮೈ ನಡುಗುವ ಮಂಜು. ಬೆಂಚಿನ ಮೇಲೆ ಕುಳಿತು ತಣ್ಣನೆಯ ಚಿತ್ರಾನ್ನ ತಿಂದು, ಮಾರ್ಕೆಟ್ ಸ್ಟ್ರೀಟಿನ ಹಿಂಬದಿಯಲ್ಲಿದ್ದ ನಾಣ್ಯದಂಗಡಿಯ ಮೆಟ್ಟಿಲು ಹತ್ತಿದೆವು. ಅಂಗಡಿಯ ಮುದುಕ ನಾಣ್ಯ ಹಿಡಿದು, ದೀಪ ಒಳಗಿದೆ ಎಂದು ಪರದೆಯ ಹಿಂದೆ ಹೋದ. ನಾನು ಪರದೆಯನ್ನೇ ನೋಡುತ್ತ ನಿಂತೆ. ಅವನು ಹಿಂದಿರುಗಿ ಬಂದಾಗ ನಾಣ್ಯದ ಮೇಲೆ ಕುಂಕುಮವಿರಲಿಲ್ಲ.

"ಇದು ನಮ್ಮದಲ್ಲ, ಬದಲಾಯಿಸಿದ್ದೀರಿ," ಎಂದೆ ಇಂಗ್ಲಿಷಿನಲ್ಲಿ, ಗಟ್ಟಿಯಾಗಿ.

ಅವನು ಸಿಟ್ಟಾಗಲಿಲ್ಲ. ಕೆಂಪಾದ ಬಟ್ಟೆಯೊಂದನ್ನು ತಂದು ತೋರಿಸಿ, ನಾಣ್ಯವನ್ನು ಭೂತಗನ್ನಡಿಯ ಕೆಳಗಿಟ್ಟ. ಒರೆಸಿದ್ದು ಮೇಲಿನ ಕುಂಕುಮ ಮಾತ್ರ. ತಗ್ಗುಗಳಲ್ಲಿ ಅದು ಉಳಿದುಕೊಂಡು, ಸವೆದ ರೂಪ ಎದ್ದು ಕಾಣುತ್ತಿತ್ತು. ಮಡಚಿದ ಮಂಡಿ, ಎತ್ತಿದ ತೋಳು.

"ಕಾಶ್ಮೀರದ್ದು. ಸಾವಿರ ವರ್ಷದ ಹತ್ತಿರ ಹಳೆಯದು," ಎಂದ. "ಆ ಕಡೆ ನಿಂತ ರಾಜ, ಈ ಕಡೆ ಕುಳಿತ ದೇವಿ. ಲಕ್ಷ್ಮಿ. ಇಂಥವು ಬೇಕಾದಷ್ಟು ಸಿಗುತ್ತವೆ, ದೊಡ್ಡ ಬೆಲೆಯೇನಿಲ್ಲ. ಈ ಕೆಂಪು ಪುಡಿ ಇಲ್ಲದಿದ್ದರೆ ನನಗೂ ಕಷ್ಟವಾಗುತ್ತಿತ್ತು. ಯಾರು ಹಾಕಿದ್ದು?"

ಚಿಕ್ಕಮ್ಮನಿಗೆ ಇಂಗ್ಲಿಷು ಬಾರದು, ಲಕ್ಷ್ಮಿ ಎಂದದ್ದು ಮಾತ್ರ ತಿಳಿಯಿತು. ನನ್ನ ಕಡೆ ತಿರುಗಿಯೂ ನೋಡದೆ ನಾಣ್ಯವನ್ನು ಮತ್ತೆ ಸೆರಗಿಗೆ ಕಟ್ಟಿಕೊಂಡರು. ನನಗೆ ನಾಚಿಕೆಯಾಯಿತು.

ವಾಪಸು ರೈಲು ಕೊಲ್ಲಿಯ ಕೆಳಗಿನ ಸುರಂಗಕ್ಕೆ ಇಳಿಯಿತು. ಕಿಟಕಿ ಕಪ್ಪಾಯಿತು.

"ಕೊಡಿ ಚಿಕ್ಕಮ್ಮ, ಇನ್ನೊಂದ್ಸಲ ನೋಡ್ತೀನಿ."

"ಅವನ್ ಮ್ಯಾಲಾಯ್ತು. ಈಗ ನನ್ ಮ್ಯಾಲೂ ಅನುಮಾನವಾ?"

"ಅಲ್ಲ. ಸುಮ್ನೆ, ಲಕ್ಷ್ಮೀನ ನೋಡ್ಬೇಕು ಅನ್ನಿಸ್ತು."

ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ ಗಂಟು ಬಿಚ್ಚುತ್ತ ಹೇಳಿದರು: "ಮೆಟ್ಟು ಬುಟ್ಟು ಮುಟ್ಟು."

ಎದುರು ಸೀಟಿನವರು ನೋಡುತ್ತಿದ್ದಂತೆಯೇ ನಾನು ಬಗ್ಗಿ ಬೂಟಿನ ಲೇಸು ಬಿಚ್ಚತೊಡಗಿದೆ.