ಪಿಚರನ ಕೈಯಲ್ಲಿ ನಮ್ಮ ಪೆಟ್ಟಿಗೆ

ಬೇಸ್‌ಬಾಲಿನಲ್ಲಿ ಚೆಂಡೆಸೆಯುವ ಪಿಚರ್ ಎಂಬ ಮಹಾಶಯ ಎಸೆಯುವುದಕ್ಕೆ ಮೊದಲು ಟೋಪಿ ಮುಟ್ಟಿಕೊಳ್ಳುತ್ತಾನೆ, ಕಿವಿ ಉಜ್ಜಿಕೊಳ್ಳುತ್ತಾನೆ, ಕಾಲಿನಿಂದ ನೆಲ ಕೆದರುತ್ತಾನೆ, ಆಮೇಲೆ ಏನೋ ಮರೆತವನಂತೆ ಮತ್ತೆ ಟೋಪಿಗೇ ಬರುತ್ತಾನೆ. ಸಂಕಲ್ಪವೇ ಇಷ್ಟು ದೀರ್ಘವಾದರೆ ಪೂಜೆ ಮುಗಿಯುವುದು ಯಾವಾಗ ಎಂದು ಮೊದಮೊದಲು ನಾನು ನಗುತ್ತಿದ್ದೆ. ಈಗ ದೋಹಾದ ನಮ್ಮ ಫ್ಲ್ಯಾಟಿನಲ್ಲಿ ಬೆಳಗಿನ ಚಹಾ ಆರಿಸಿಕೊಂಡು, ಭೂಗೋಳದ ಆಚೆ ಬದಿಯ ಆ ಕೆದರಾಟವನ್ನು ಮೊಬೈಲಿನಲ್ಲಿ ಏಕಾಗ್ರಚಿತ್ತಳಾಗಿ ಧ್ಯಾನಿಸುತ್ತೇನೆ. ನಗುವ ಸರದಿ ನಿಮ್ಮದು.

ಈ ವ್ಯಸನವನ್ನು ಇಲ್ಲಿನ ಮುಶೈರಿಬ್ ಬಡಾವಣೆಯ ತಮ್ಮ ಆಫೀಸಿನಿಂದ ಮನೆಗೆ ತಂದವರು ನಮ್ಮ ಯಜಮಾನರು. ಆಡುವುದು ಅಮೆರಿಕದವರು, ಅವರ ಪೈಕಿ ಕೆಲವರನ್ನು ಆರಿಸಿ ದಿನಕ್ಕೊಂದು ಕಾಲ್ಪನಿಕ ತಂಡ ಕಟ್ಟುವುದಷ್ಟೇ ನಮ್ಮ ಪುರುಷಾರ್ಥ. ಅಂದಿನ ಪಂದ್ಯದಲ್ಲಿ ಮೊದಲು ಚೆಂಡು ಹಿಡಿದು ನಿಲ್ಲುವ ಪಿಚರನೇ ಅದರ ಜೀವಾಳ. ಅವನು ಅಲ್ಲಿ ಬ್ಯಾಟ್ ಹಿಡಿದವರನ್ನು ಔಟು ಮಾಡಿದಷ್ಟೂ ಇಲ್ಲಿ ನಮಗೆ ಅಂಕ. ಮಿಕ್ಕ ಆಟಗಾರರೆಲ್ಲ ಒಗ್ಗರಣೆ, ಪಿಚರನೇ ಸಾರು. ಸಾರು ಕೆಟ್ಟರೆ ಒಗ್ಗರಣೆಯನ್ನೇ ಉಣ್ಣಲಾದೀತೆ?

ದುಡ್ಡು ಕಟ್ಟಿ ಆಡುವುದು ಈ ದೇಶದಲ್ಲೂ ನಿಷಿದ್ಧ, ನಮ್ಮ ಮನೆಯಲ್ಲೂ ನಿಷಿದ್ಧ. ನಾವು ಪಣಕ್ಕಿಟ್ಟದ್ದು ಪೆಟ್ಟಿಗೆಯನ್ನು. ಗಲ್ಫಿನಿಂದ ರಜೆಗೆ ಊರಿಗೆ ಹೋಗುವವರ ಪೆಟ್ಟಿಗೆ ಸಾಮಾನ್ಯ ವಸ್ತುವಲ್ಲ ನೋಡಿ. ಅದು ಮೊದಲು ಯಾವ ಮನೆಯಲ್ಲಿ ಬಾಯಿ ತೆರೆಯುತ್ತದೋ ಆ ಮನೆಗೆ ಅಗ್ರಪೂಜೆ: ಒಳ್ಳೆಯ ಅತ್ತರು, ಮೆತ್ತನೆಯ ಖರ್ಜೂರ, ಪಿಸ್ತಾ ಎಲ್ಲ ಅಲ್ಲಿಯೇ ಇಳಿಯುತ್ತವೆ. ಎರಡನೆಯ ಮನೆ ತಲುಪುವ ಹೊತ್ತಿಗೆ ಉಳಿದಿರುವುದು ತಲೆನೋವಿನ ಮುಲಾಮು ಮತ್ತು ಯಾರೂ ಆರಿಸದ ಬಣ್ಣದ ಟವೆಲು. ಮದುವೆಯಾದಂದಿನಿಂದ ಬಜ್ಪೆ ವಿಮಾನ ನಿಲ್ದಾಣದಲ್ಲಿ ಇಳಿದ ನಮ್ಮ ಪೆಟ್ಟಿಗೆ ನೇರವಾಗಿ ಕಾರ್ಕಳದ ಅತ್ತೆಯ ಮನೆಗೇ ಹೋಗಿದೆ. ಪುತ್ತೂರಿನ ನನ್ನ ತವರಿಗೆ ಸಂದದ್ದು ಮುಲಾಮು. ಅಮ್ಮ ಒಮ್ಮೆಯೂ ದೂರಿದವಳಲ್ಲ, ಅದೇ ನನ್ನನ್ನು ಇರಿಯುತ್ತಿತ್ತು. ಈ ವರ್ಷ ನಾನು ಪಟ್ಟು ಹಿಡಿದೆ.

"ಕ್ರಿಕೆಟಲ್ಲಿ ಪಂದ್ಯ ಕಟ್ಟಿದ್ರೆ ನನಗೆ ಗೊತ್ತಿರುವ ಆಟ ಅಂತ ನೀನೇ ತಕರಾರು ತೆಗಿತಿ" ಎಂದರು ಇವರು. "ಬೇಸ್‌ಬಾಲಿನಲ್ಲಿ ನೋಡುವ. ಒಬ್ಬೊಬ್ಬರಿಗೆ ಒಬ್ಬ ಪಿಚರ್. ಗೆದ್ದವರ ಮನೆಗೆ ಮೊದಲು. ಖಲಾಸ್!"

ಇವರು ಮೂರು ಸಂಜೆ ಅಧ್ಯಯನ ಮಾಡಿದರು. ಎಡಗೈಯವನೋ ಬಲಗೈಯವನೋ, ಎದುರಾಳಿಗಳ ದೌರ್ಬಲ್ಯವೇನು, ಆ ಊರಿನಲ್ಲಿ ಗಾಳಿ ಯಾವ ದಿಕ್ಕಿಗೆ ಬೀಸುತ್ತದೆ ಎಂಬಿತ್ಯಾದಿ. ಡಾಕ್ಟರೇಟಿಗೆ ಸಾಕಾಗುವಷ್ಟು ಸಂಶೋಧನೆಯ ಫಲವಾಗಿ ತಾಳೆಮರದಂಥ ಒಬ್ಬ ದುಬಾರಿ ತಾರೆಯನ್ನು ಆರಿಸಿಕೊಂಡರು. ನನ್ನದು ಬೇರೆ ಶಾಸ್ತ್ರ. ನನ್ನ ಸೋದರಮಾವ ಕೋಳಿಅಂಕದ ಪರಮಭಕ್ತ. ಯಾವ ದಿನ ಯಾವ ಬಣ್ಣದ ಹುಂಜ ಗೆಲ್ಲುತ್ತದೆಂದು ಹೇಳುವ ಕುಕ್ಕುಟ ಪಂಚಾಂಗ ಅವನಿಗೆ ಬಾಯಿಪಾಠ. ಫೋನು ಮಾಡಿ ವಾರ, ನಕ್ಷತ್ರ ಹೇಳಿದೆ. ಖತಾರಿನಲ್ಲಿ ನಿನಗೆಲ್ಲಿಯ ಹುಂಜ ಎಂದು ಅವನು ಕೇಳಲೇ ಇಲ್ಲ. "ಬೊಳ್ಳೆ" ಎಂದ, ಅಂದರೆ ಬಿಳಿ ಹುಂಜ. ಬೇಸ್‌ಬಾಲಿನಲ್ಲಿ ತವರಿನಂಗಳದಲ್ಲಿ ಆಡುವವರಿಗೆ ಸಾಮಾನ್ಯವಾಗಿ ಬಿಳಿ ಅಂಗಿ. ತವರಿಗಾಗಿ ಹೋರಾಡುವ ಹೆಣ್ಣಿಗೆ ಇದಕ್ಕಿಂತ ಶುಭಶಕುನ ಬೇಕೆ? ಬಿಳಿ ಅಂಗಿಯವರಲ್ಲಿ ಅತ್ಯಂತ ಅಗ್ಗದವನನ್ನು, ಹೊಟ್ಟೆ ಬಂದವನನ್ನು, ಆದರೆ ನೆಲವನ್ನು ಎಲ್ಲರಿಗಿಂತ ಹುರುಪಿನಿಂದ ಕೆದರುವವನನ್ನು ಆರಿಸಿದೆ. ಇವರು ನಕ್ಕೂ ನಕ್ಕೂ ಚಹಾ ಚೆಲ್ಲಿಕೊಂಡರು.

ಮರುದಿನ ಬೆಳಿಗ್ಗೆ ನೋಡುತ್ತೇನೆ, ತಾಳೆಮರ ಆರಂಭದಲ್ಲೇ ಹೊಡೆಸಿಕೊಂಡು ಹೊರಗೆ ಕೂತಿದೆ. ನನ್ನ ಬೊಳ್ಳೆ ಒಬ್ಬರಾದ ಮೇಲೊಬ್ಬರನ್ನು ಕೊಕ್ಕಿನಲ್ಲಿ ಕುಕ್ಕಿದಂತೆ ಮನೆಗೆ ಕಳಿಸುತ್ತಿದೆ! ನಾನು ಕಿರುಚಿದ ಕಿರುಚಿಗೆ ಪಕ್ಕದ ಮನೆಯವರು ಬಾಗಿಲು ಬಡಿದರು. ಸೋಫಾದ ಮೇಲೆ ಹತ್ತಿ ಕುಣಿದೆ, ನಲವತ್ತು ದಾಟಿದ ಮೊಣಕಾಲುಗಳ ಪ್ರತಿಭಟನೆಯನ್ನು ಲೆಕ್ಕಿಸದೆ. ಕುಣಿಯುತ್ತಲೇ ಅಮ್ಮನಿಗೆ ಫೋನು ಹಚ್ಚಿದೆ.

"ಅಮ್ಮಾ, ಈ ಸಲ ಪೆಟ್ಟಿಗೆ ಮೊದಲು ನಮ್ಮ ಮನೆಯಲ್ಲೇ ಬಿಚ್ಚುವುದು! ನಾನು ಗೆದ್ದೆ!"

ಅಮ್ಮ ಮೆಲ್ಲಗೆ ಕೇಳಿದಳು: "ಮೊದಲು ಇಲ್ಲಿಗೆ ಬಂದ್ರೆ ಕಡೆಗೆ ವಾಪಸು ಹೊರಡುವುದು ಕಾರ್ಕಳದಿಂದ ಅಲ್ವಾ? ಹಾಗಾದ್ರೆ ನಿನ್ನ ಪೆಟ್ಟಿಗೆ ಕಟ್ಟುವುದು ಯಾರು, ಮಾರಾಯ್ತಿ?"

ನಾನು ಸೋಫಾದಿಂದ ಇಳಿದೆ. ಇಷ್ಟು ವರ್ಷ ಹಲಸಿನ ಹಪ್ಪಳವನ್ನು ನನ್ನ ಸೀರೆಗಳ ನಡುವೆ ಮುರಿಯದಂತೆ ಮಲಗಿಸಿದವಳು, ಉಪ್ಪಿನಕಾಯಿ ಡಬ್ಬಿಗೆ ಪ್ಲಾಸ್ಟಿಕ್ಕಿನ ಮೇಲೆ ಪ್ಲಾಸ್ಟಿಕ್ಕು ಸುತ್ತಿದವಳು, ತೂಕ ಹೆಚ್ಚಾಯಿತೆಂದು ನಾನು ತೆಗೆದದ್ದನ್ನು ನಾನು ಅತ್ತ ತಿರುಗಿದೊಡನೆ ಮತ್ತೆ ತುರುಕಿದವಳು ಅಮ್ಮ. ಖರ್ಜೂರ ಅವಳಿಗೆ ಯಾವತ್ತೂ ಬೇಕಿರಲೇ ಇಲ್ಲ. ನಾನೇ, ಬಿಚ್ಚುವುದನ್ನೇ ಭಾಗ್ಯವೆಂದು ತಿಳಿದವಳು, ಅವಳಿಗಾಗಿ ಗೆಲ್ಲಲು ಹೋಗಿ ಅವಳನ್ನೇ ಸೋಲಿಸಿದ್ದೆ.

ಇವರ ಬಳಿಗೆ ಓಡಿ ಇನ್ನೊಂದು ಆಟ ಆಡೋಣ, ನಾನು ಬೇಕಾದರೆ ಸೋಲುತ್ತೇನೆ ಎಂದೆ.

"ಅದು ಮಾಫಿ!" ಎಂದರು. ಹಾಗೆಂದರೆ ಇಲ್ಲಿನ ಭಾಷೆಯಲ್ಲಿ 'ಇಲ್ಲವೇ ಇಲ್ಲ'. "ನಾನು ಆಗಲೇ ಕಾರ್ಕಳಕ್ಕೆ ಫೋನು ಮಾಡಿ ನನ್ನ ಅಮ್ಮನಿಗೆ ಹೇಳಿ ಆಯ್ತು. ಬೇಜಾರಾದೀತು ಅಂತ ಹೆದರಿದ್ದೆ. ಅವರು ಹಪ್ಪಳ ಒಣಗಿಸ್ಲಿಕ್ಕೇ ಕೂತಿದ್ದಾರೆ. ಇಷ್ಟು ವರ್ಷ ಬಿಚ್ಚುವುದು ಮಾತ್ರ ಸಿಕ್ಕಿದ್ದು, ಈ ಸಲ ಸೊಸೆಯ ಪೆಟ್ಟಿಗೆ ನಾನು ಕಟ್ತೇನೆ ಅಂತ ಅತ್ತೇಬಿಟ್ರು."

ಅಮ್ಮನಿಗೆ ಮತ್ತೆ ಫೋನು ಮಾಡಿ ಬಿಳಿ ಅಂಗಿಯವನಿಂದ ಹಿಡಿದು ಅತ್ತೆಯ ಹಪ್ಪಳದವರೆಗೆ ಎಲ್ಲ ತಿಳಿಸಿದೆ. ಅವಳು "ಆಗಲಿ, ಪಾಪ, ಅವರಿಗೂ ಆಸೆ ಇರುವುದಿಲ್ವಾ?" ಎಂದಳು. ಇಡುವ ಮುನ್ನ ದನಿ ತಗ್ಗಿಸಿ ಸೇರಿಸಿದಳು: "ಆದ್ರೆ ಬರುವ ವರ್ಷ ಆ ಬಿಳಿ ಅಂಗಿಯವನಿಗೆ ಸೋಲ್ಲಿಕ್ಕೆ ಹೇಳು."

ಹಾಗಾಗಿ ಈಗ ಬೆಳಗಿನ ಚಹಾದ ಹೊತ್ತಿಗೆ ನಾನು ಧ್ಯಾನಿಸುವುದು ಖಾತ್ರಿಯಾಗಿ ಸೋಲಬಲ್ಲ ಪಿಚರನನ್ನು. ಟೋಪಿ ಮುಟ್ಟಿ ಮುಟ್ಟಿ ಎಸೆಯುವ ಆ ಮಹಾಶಯರ ಪೈಕಿ ಒಬ್ಬನಾದರೂ ನನ್ನ ಅಮ್ಮನಿಗಾಗಿ ಒಂದು ದಿನ ಕೆಟ್ಟದಾಗಿ ಆಡಬಾರದೆ?